ಆಶುಗಾನದ ಸಾಕ್ಷ್ಯ: ಬಾಳೋಪಾಟನ್ನು ಕುರಿತು ಒಂದು ವಿಮರ್ಶೆ

ಬರೆದಿಟ್ಟ ಆಧಾರವಿಲ್ಲದೆ ಇತಿಹಾಸವಿಲ್ಲವೆಂಬುದು ನಮ್ಮ ಶಾಸ್ತ್ರದ ಹಳೆಯ ನಂಬಿಕೆ. ಶಾಸನ, ಕಡತ, ಬಖೈರು, ಪ್ರವಾಸಿಗರ ದಿನಚರಿ ಇವುಗಳಲ್ಲಿ ಯಾವುದಾದರೊಂದು ಕೈಗೆ ಸಿಕ್ಕಿದ ಹೊರತು ಇತಿಹಾಸದ ಅಧ್ಯಾಪಕನು ಬಾಯಿ ತೆರೆಯಲು ಹಿಂಜರಿಯುತ್ತಾನೆ. ರಾಜಕೀಯ ಚರಿತ್ರೆಯಲ್ಲಿ ಈ ಅಭ್ಯಾಸವು ನಮ್ಮನ್ನು ಎಷ್ಟೋ ಕಟ್ಟುಕಥೆಗಳಿಂದ ಕಾಪಾಡಿದೆಯೆಂಬುದು ನಿಜ. ಆದರೆ ಹುಟ್ಟಿದ ಗಳಿಗೆಯಲ್ಲಿಯೇ ಮುಗಿದುಹೋಗುವ ಕಲೆಯೊಂದನ್ನು ವಿಮರ್ಶಿಸಲು ಹೊರಟಾಗ ಇದೇ ಅಭ್ಯಾಸವು ನಮ್ಮನ್ನು ದಾರಿ ತಪ್ಪಿಸುತ್ತದೆ. ಇದಕ್ಕೆ ಅನ್ಯರ ಉದಾಹರಣೆಯನ್ನು ಹುಡುಕಬೇಕಾಗಿಲ್ಲ, ನಮ್ಮದೇ ಇದೆ.

ಕೆಲವು ವರ್ಷಗಳ ಹಿಂದೆ ಕೊಡಗಿನ ಕಾಲೇಜೊಂದರಲ್ಲಿ ಏರ್ಪಟ್ಟಿದ್ದ ಜನಪದ ಗೀತಸ್ಪರ್ಧೆಗೆ ನಾವು ತೀರ್ಪುಗಾರರಲ್ಲಿ ಒಬ್ಬರಾಗಿ ಹೋಗಿದ್ದೆವು. ನಾಲ್ವರು ವಿದ್ಯಾರ್ಥಿಗಳ ತಂಡವೊಂದು ದುಡಿಗಳನ್ನು ಹಿಡಿದು ಬಾಳೋಪಾಟ್ ಹಾಡಲು ನಿಂತಿತು. ಕೊಡವ ಭಾಷೆ ನಮಗೆ ಮನೆಮಾತಲ್ಲ; ಕೇಳಿದರೆ ತಿಳಿಯುವಷ್ಟು ಬಲ್ಲೆವು. ಆ ಕೊರತೆಯನ್ನು ತುಂಬಿಕೊಳ್ಳುವುದಕ್ಕೋಸ್ಕರ ‘ಪಟ್ಟೋಲೆ ಪಳಮೆ’ಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಹಾಡಿದ ಸಾಲುಗಳನ್ನು ಅಚ್ಚಿನ ಸಾಲುಗಳೊಡನೆ ಬೆರಳಿಟ್ಟು ಸರಿನೋಡುತ್ತ ಕುಳಿತೆವು. ಅರ್ಧ ದಾರಿಯವರೆಗೆ ಸರಿಯಾಗಿಯೇ ಇತ್ತು. ಅನಂತರ ಹುಡುಗರು ಪುಸ್ತಕವನ್ನು ಬಿಟ್ಟರು. ಸಭೆಯಲ್ಲಿ ಕುಳಿತಿದ್ದ ಹಿರಿಯರನ್ನು ಹಾಡಿನೊಳಕ್ಕೆ ಕರೆದರು. ಆ ದಿನ ಬೆಳಿಗ್ಗೆ ಸುರಿದ ಮಳೆಯನ್ನೂ ತಂದರು. ನಾವು ‘ಪಾಠದೋಷ’ವೆಂದು ಬರೆದು ಅಂಕಗಳನ್ನು ಕಳೆದೆವು. ಬಹುಮಾನವು ಅಕ್ಷರ ಬಿಡದೆ ಒಪ್ಪಿಸಿದ ಇನ್ನೊಂದು ತಂಡಕ್ಕೆ ಸಂದಿತು. ಮೊದಲನೆಯ ತಂಡ ಮಾಡುತ್ತಿದ್ದುದೇ ಆ ಕಲೆ, ಎರಡನೆಯದು ಮಾಡಿದುದು ಅದರ ಪಠನ ಮಾತ್ರ ಎಂಬುದು ನಮಗೆ ಹೊಳೆಯಲು ಒಂದೂವರೆ ವರ್ಷ ಹಿಡಿಯಿತು. ಈ ಲೇಖನವು ಆ ತಡವಾದ ತಿಳಿವಳಿಕೆಯ ಫಲ.

ನಮ್ಮ ಹುಟ್ಟೂರು ಶಿರಂಗಾಲ. ಕುಶಾಲನಗರವನ್ನು ದಾಟಿ ಉತ್ತರಾಭಿಮುಖವಾಗಿ ಹರಿಯುವ ಕಾವೇರಿಯು ಇಲ್ಲಿ ಕೊಡಗನ್ನು ಬಿಟ್ಟು ಹಾಸನ ಜಿಲ್ಲೆಯನ್ನು ಸೇರುತ್ತದೆ. ನದಿಯ ಮೇಲ್ಭಾಗಕ್ಕೆ ಹೋದಂತೆ ಐನ್‌ಮನೆಗಳ ಕೊಡಗು, ಅದರ ದುಡಿ, ಅದರ ಬಾಳೋಪಾಟ್. ಕೆಳಭಾಗಕ್ಕೆ ಸ್ವಲ್ಪ ದೂರ ಹೋದರೆ ಅರಕಲಗೂಡು ತಾಲೂಕಿನ ರುದ್ರಪಟ್ಟಣ. ಸಂಕೇತಿಗಳ ಆ ಅಗ್ರಹಾರದಿಂದ ಹೊರಟ ಸಂಗೀತಗಾರರ ಸಂಖ್ಯೆ ಊರಿನ ಗಾತ್ರಕ್ಕೆ ಮೀರಿದುದು. ಹೀಗೆ ಒಂದೇ ನದಿಯ ದಡದಲ್ಲಿ, ಒಂದು ದಿನದ ಪ್ರಯಾಣದೊಳಗೆ, ನಿಂತ ನಿಲುವಿನಲ್ಲಿ ಹಾಡನ್ನು ಕಟ್ಟುವ ಎರಡು ಸಂಪ್ರದಾಯಗಳು ಸಿಕ್ಕುತ್ತವೆ. ನಮ್ಮ ಊರಾದರೋ ಎರಡಕ್ಕೂ ಸೇರಿದುದಲ್ಲ. ಅಲ್ಲಿ ನಾವು ಬಾಲ್ಯದಲ್ಲಿ ಕೇಳಿದುದು ಮದುವೆಮನೆಯ ಸೋಬಾನೆ. ಹಸೆಗೆ ಕರೆಯುವಾಗ ಹಾಡುವ ನಮ್ಮ ಅಜ್ಜಿ ವಧೂವರರ ಹೆಸರುಗಳನ್ನು ಸೇರಿಸುವುದಿರಲಿ, ಬೀಗರ ಕಡೆಯವರು ತಂದ ಸೀರೆಯ ಬಣ್ಣವನ್ನೂ ಅವರು ತಡಮಾಡಿ ಬಂದುದನ್ನೂ ಆ ಗಳಿಗೆಯಲ್ಲಿಯೇ ಹಾಡಿಗೆ ಹೊಂದಿಸಿ ಎಲ್ಲರನ್ನೂ ನಗಿಸುತ್ತಿದ್ದರು. ಅದನ್ನು ರಚನೆಯೆಂದು ಅವರು ಎಂದೂ ಭಾವಿಸಿದವರಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಈ ನಾಡಿನ ಜನ ಉದ್ದೇಶಪೂರ್ವಕವಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೇಳಿರುವುದನ್ನು ನಾವು ನಾಡಹಬ್ಬದ ಭಾಷಣಗಳಲ್ಲಿ ಮರೆಯದೆ ಉದ್ಧರಿಸುತ್ತೇವೆ; ಆ ನುರಿತ ಜನ ನಿಜವಾಗಿ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂಬುದನ್ನು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ.

ಆಶುರಚನೆಯನ್ನು ಕುರಿತು ವಿದ್ಯಾವಂತರಲ್ಲಿ ಎರಡು ಅಭಿಪ್ರಾಯಗಳು ಪ್ರಚಲಿತವಾಗಿವೆ. ಅದು ಎಲ್ಲಿಂದಲೋ ಇಳಿದುಬರುವ ಸ್ಫೂರ್ತಿಯೆಂಬುದು ಒಂದು. ಮೊದಲೇ ಬಾಯಿಪಾಠವಾಗಿರುವ ತುಣುಕುಗಳ ಜೋಡಣೆ ಮಾತ್ರವೆಂಬುದು ಮತ್ತೊಂದು. ಎರಡೂ ಕಲೆಗಾರನ ಶ್ರಮವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಸಂಗೀತಶಾಸ್ತ್ರಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ‘ಸಂಗೀತ ರತ್ನಾಕರ’ವನ್ನು ಬರೆದ ಶಾರ್ಙ್ಗದೇವನು ಗಾನವನ್ನು ನಿಬದ್ಧ, ಅನಿಬದ್ಧ ಎಂದು ವಿಂಗಡಿಸುತ್ತಾನೆ. ಅನಿಬದ್ಧವೆಂದರೆ ಯಾವ ಕಟ್ಟೂ ಇಲ್ಲದುದೆಂದು ಅರ್ಥವಲ್ಲ. ಪ್ರಬಂಧದ ಕಟ್ಟು ಇಲ್ಲದುದು ಎಂದಷ್ಟೆ. ರಾಗದ ಕಟ್ಟು ಅಲ್ಲಿಯೂ ಇದ್ದೇ ಇದೆ. ಇದಕ್ಕಿಂತ ಗಮನಾರ್ಹವಾದುದು ಅವನು ಹೇಳುವ ರೂಪಕಾಲಪ್ತಿ. ಅದರ ಒಂದು ಬಗೆಯಲ್ಲಿ ರಚನೆಯ ಪದಗಳೂ ಅವುಗಳ ಕಾಲಮಾನವೂ ಹಾಗೆಯೇ ಉಳಿಯುತ್ತವೆ, ರಾಗಸಂಚಾರ ಮಾತ್ರ ಬದಲಾಗುತ್ತ ಹೋಗುತ್ತದೆ. ಇಂದಿನ ಕಛೇರಿಯ ನೆರವಲನ್ನು ಕೇಳಿ ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಸ್ವಾತಂತ್ರ್ಯವು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸುವುದು ಈ ವಿಂಗಡಣೆಯ ಪ್ರಯೋಜನ. ಆಶುಕಲೆಯ ವಿಮರ್ಶೆಗೆ ಮೊದಲು ಬೇಕಾದುದು ಈ ಗೆರೆಯ ಪರಿಚಯ. ಅದು ಒಂದೊಂದು ಸಂಪ್ರದಾಯದಲ್ಲಿ ಒಂದೊಂದು ಕಡೆ ಇರುತ್ತದೆ.

ರುದ್ರಪಟ್ಟಣದ ಪದ್ಧತಿಯಲ್ಲಿ ಈ ಗೆರೆ ನಿಚ್ಚಳವಾಗಿದೆ. ಆ ಊರಿನಲ್ಲಿ 1920ರಲ್ಲಿ ಹುಟ್ಟಿ 2014ರಲ್ಲಿ ಕಾಲವಾದ ಆರ್. ಕೆ. ಶ್ರೀಕಂಠನ್ ಅವರ ಗಾಯನವನ್ನು ರಸಿಕರು ಮೆಚ್ಚುತ್ತಿದ್ದುದು ಮುಖ್ಯವಾಗಿ ಎರಡು ಗುಣಗಳಿಗಾಗಿ: ಶುದ್ಧವಾದ ಪಾಠಾಂತರ ಮತ್ತು ಸಾಹಿತ್ಯದ ಸ್ಪಷ್ಟೋಚ್ಚಾರಣೆ. ಗುರುವಿನಿಂದ ಬಂದ ಕೃತಿಯನ್ನು ಕದಲಿಸಬಾರದೆಂಬ ಶಿಸ್ತು ಅಲ್ಲಿ ಕಟ್ಟುನಿಟ್ಟಾದುದು. ಆದರೆ ಅದೇ ಕೃತಿಯ ಮುಂದೆ ಬರುವ ಆಲಾಪನೆಯಲ್ಲಿ, ನಡುವೆ ಬರುವ ನೆರವಲಿನಲ್ಲಿ, ಕೊನೆಗೆ ಬರುವ ಕಲ್ಪನಾಸ್ವರದಲ್ಲಿ ಗಾಯಕನು ಗುರುವಿನ ಸಂಚಾರವನ್ನೇ ಒಪ್ಪಿಸಿದರೆ ಅದು ನಿಷ್ಠೆಯೆನಿಸದೆ ಬಡತನವೆನಿಸುತ್ತದೆ. ಹೀಗೆ ನಿಷ್ಠೆಗೂ ಮನೋಧರ್ಮಕ್ಕೂ ಬೇರೆಬೇರೆ ನೆಲೆಗಳು ಗೊತ್ತಾಗಿವೆ. ಕಲ್ಪನಾಸ್ವರ ಎಷ್ಟೇ ದೂರ ಅಲೆದರೂ, ಸಾಹಿತ್ಯವು ತಾಳದಲ್ಲಿ ಎತ್ತಿಕೊಳ್ಳುವ ಆ ಒಂದು ಸ್ಥಾನಕ್ಕೆ ಬಂದು ಸೇರಲೇಬೇಕು. ಪಿಟೀಲಿನವರೂ ಮೃದಂಗದವರೂ ಸಭಿಕರೂ ಆ ಸ್ಥಾನವನ್ನು ಬಲ್ಲರು. ಗಾಯಕನು ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಈ ಬಹಿರಂಗ ಹೊಣೆಗಾರಿಕೆಯಿಂದಲೇ ಆ ಕ್ಷಣಕ್ಕೆ ಬಿಗಿ ಬರುವುದು. (ಈಚಿನ ಕೆಲವು ಕಛೇರಿಗಳಲ್ಲಿ ಮನೆಯಲ್ಲಿಯೇ ಲೆಕ್ಕ ಹಾಕಿಕೊಂಡು ಬಂದ ಮುಕ್ತಾಯಗಳು ಕಲ್ಪನೆಯ ವೇಷದಲ್ಲಿ ಹೊರಬರುತ್ತಿವೆ. ಸಭೆ ಚಪ್ಪಾಳೆ ತಟ್ಟುತ್ತದೆ. ಗಣಿತ ಸರಿಯಾಗಿರುತ್ತದೆಂಬುದರಲ್ಲಿ ಸಂಶಯವಿಲ್ಲ.)

ನಾವು ಸ್ಪರ್ಧೆಯ ದಿನ ಮಾಡಿದ ತಪ್ಪು ಈಗ ಸ್ಪಷ್ಟವಾಗುತ್ತದೆ. ಕೃತಿಗೆ ಸಲ್ಲುವ ಪಾಠಾಂತರದ ಅಳತೆಗೋಲನ್ನು ನಾವು ಬಾಳೋಪಾಟಿಗೆ ಹಿಡಿದಿದ್ದೆವು. ಬಾಳೋಪಾಟಿನಲ್ಲಿ ಕೃತಿ ಬೇರೆ, ಮನೋಧರ್ಮ ಬೇರೆ ಎಂಬ ವಿಭಾಗವಿಲ್ಲ. ಅಲ್ಲಿ ಸಾಲೇ ಆ ಗಳಿಗೆಯಲ್ಲಿ ಕಟ್ಟಲ್ಪಡುವಂಥದು.

ಅದರ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಾಡುವವರು ನಾಲ್ವರು, ಪ್ರತಿಯೊಬ್ಬನ ಕೈಯಲ್ಲಿಯೂ ನಡು ಸಣ್ಣಗಾದ ಪುಟ್ಟ ಚರ್ಮವಾದ್ಯವಾದ ದುಡಿ. ಅವರು ಇಬ್ಬಿಬ್ಬರಾಗಿ ಎರಡು ಜೋಡಿಗಳಾಗುತ್ತಾರೆ. ಮೊದಲ ಜೋಡಿ ಹಾಡಿದುದನ್ನು ಎರಡನೆಯ ಜೋಡಿ ಮತ್ತೆ ಹಾಡುತ್ತದೆ. ಬಾಳು ಎಂಬ ಅರ್ಥವುಳ್ಳ ಸಂಬೋಧನೆಯಿಂದ ಹಾಡಿಗೆ ಹೆಸರು ಬಂದಿದೆ. ಸಾಲುಗಳು ಚಿಕ್ಕವು, ನಾಡು, ಮನೆ, ಭೂಮಿ, ಸೂರ್ಯ, ದನ, ಬೆಳೆ ಇವುಗಳಿಗೆ ಗೊತ್ತಾದ ಪದಪುಂಜಗಳಿವೆ. ಹೊಸಬನಿಗೆ ಈ ಪುನರಾವೃತ್ತಿ ಬೇಸರವನ್ನುಂಟುಮಾಡುತ್ತದೆ. ನಮಗೂ ಮೊದಲು ಹಾಗೆಯೇ ಆಯಿತು. ಆದರೆ ಎರಡನೆಯ ಜೋಡಿ ಹಾಡುತ್ತಿರುವಾಗ ಮೊದಲನೆಯ ಜೋಡಿಯ ಮುಖವನ್ನು ನೋಡುವವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಅವರು ವಿಶ್ರಮಿಸಿಕೊಳ್ಳುತ್ತಿರುವುದಿಲ್ಲ. ಮುಂದಿನ ಸಾಲನ್ನು ಹುಡುಕುತ್ತಿರುತ್ತಾರೆ. ದುಡಿಯ ನಡೆ ನಿಲ್ಲುವಂತಿಲ್ಲ, ಗೆಳೆಯರು ಮುಗಿಸಿದೊಡನೆ ಸಾಲು ಸಿದ್ಧವಿರಬೇಕು. ಪುನರಾವೃತ್ತಿಯು ಕೊಡುವ ಆ ಕೆಲವು ಕ್ಷಣಗಳೇ ರಚನೆಯ ಕಾಲ. ಅಂತೆಯೇ ಗೊತ್ತಾದ ಪದಪುಂಜವು ಸೋಮಾರಿತನದ ಗುರುತಲ್ಲ. ಸಾಲಿನ ಅರ್ಧಭಾಗವನ್ನು ಅದು ತುಂಬಿಕೊಟ್ಟರೆ ಗಾಯಕನ ಗಮನವೆಲ್ಲ ಉಳಿದ ಅರ್ಧಕ್ಕೆ, ಎಂದರೆ ಎದುರಿಗಿರುವ ಈ ಮನೆಗೆ, ಈ ಜನಕ್ಕೆ, ದೊರೆಯುತ್ತದೆ.

‘ಈ ಮನೆ’ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಪುತ್ತರಿಯ ಕಾಲದಲ್ಲಿ ಮನೆಮನೆಗೆ ಹೋಗಿ ಹಾಡುವಾಗ ಹೊಗಳಿಕೆ ಸಲ್ಲಬೇಕಾದುದು ಆ ಒಕ್ಕಕ್ಕೆ, ಆ ಅಂಗಳಕ್ಕೆ. ಮದುವೆಯಲ್ಲಿ ಹಾಡು ಆ ವಧೂವರರದು. ಸಾವಿನ ಮನೆಯಲ್ಲಿ ಹಾಡುವಾಗ ಸತ್ತವರ ಹುಟ್ಟು, ಬೆಳವಣಿಗೆ, ಮದುವೆ, ಬಾಳುವೆಗಳು ಕ್ರಮವಾಗಿ ಬರುತ್ತವೆ. ಕ್ರಮವು ಎಲ್ಲ ಸಾವಿಗೂ ಒಂದೇ; ಬದುಕು ಒಂದೇ ಅಲ್ಲ. ಸುತ್ತಲೂ ಕುಳಿತಿರುವವರು ಬಂಧುಗಳು, ಸತ್ತವರನ್ನು ಬಲ್ಲವರು. ಗಾಯಕನು ಹೆಸರು ತಪ್ಪಿದರೆ, ಸಲ್ಲದ ಹೊಗಳಿಕೆಯನ್ನು ಹೊರಿಸಿದರೆ, ಹೇಳಲೇಬೇಕಾದುದನ್ನು ಬಿಟ್ಟರೆ ಅವರಿಗೆ ತಿಳಿಯದೆ ಹೋಗುವುದಿಲ್ಲ. ಕಲ್ಪನಾಸ್ವರದ ಗಾಯಕನಿಗೆ ತಾಳದ ಸ್ಥಾನ ಹೇಗೋ ಇಲ್ಲಿ ನಡೆದ ಸಂಗತಿ ಹಾಗೆ. ಹಾಡು ಬಂದು ಸೇರಬೇಕಾದುದು ಅಲ್ಲಿಗೆ. ಹೊಸತನವು ಇಲ್ಲಿ ಗುಣವೇ ಅಲ್ಲ, ಒಪ್ಪುವುದು ಗುಣ. ಹೆಂಚಿನ ಮನೆಗೂ ಹುಲ್ಲಿನ ಮನೆಗೂ ಒಂದೇ ಹೊಗಳಿಕೆಯನ್ನು ಹಾಡಿ ಮುಗಿಸಿಬಿಡುವವನು ಕೆಟ್ಟ ಗಾಯಕ. ಅಂಥವರೂ ಇದ್ದಾರೆ, ಹಿಂದೆಯೂ ಇದ್ದಿರಬೇಕು. ಆಶುರಚನೆಯೆಂದ ಮಾತ್ರಕ್ಕೆ ಎಲ್ಲವೂ ಮೆಚ್ಚತಕ್ಕದ್ದೆಂದು ನಾವು ಹೇಳುತ್ತಿಲ್ಲ.

ಈ ವಿಷಯದಲ್ಲಿ ಹೊರದೇಶದ ವಿದ್ವಾಂಸರ ಸಂಶೋಧನೆಯೊಂದು ನಮಗೆ ತುಂಬ ಉಪಕಾರಿಯಾಯಿತು. ಹೋಮರನ ಕಾವ್ಯಗಳ ರಚನಾಕ್ರಮವನ್ನು ತಿಳಿಯಬೇಕೆಂದು ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನು 1933ರಿಂದ 1935ರವರೆಗೆ ಯುಗೋಸ್ಲಾವಿಯದಲ್ಲಿ ಸಂಚರಿಸಿ, ಒಂಟಿ ತಂತಿಯ ವಾದ್ಯದೊಡನೆ ವೀರಗಾಥೆಗಳನ್ನು ಹಾಡುವವರನ್ನು ಧ್ವನಿಮುದ್ರಿಸಿದನು. ಅವನು 1935ರಲ್ಲಿಯೇ ತೀರಿಕೊಳ್ಳಲು, ಶಿಷ್ಯನಾದ ಆಲ್ಬರ್ಟ್ ಲಾರ್ಡ್ ಆ ಕೆಲಸವನ್ನು ಮುಂದುವರಿಸಿ 1960ರಲ್ಲಿ ಗ್ರಂಥರೂಪಕ್ಕೆ ತಂದನು. ಒಂದೇ ಗಾಥೆಯನ್ನು ಅಕ್ಷರಶಃ ಹಾಗೆಯೇ ಮತ್ತೆ ಹಾಡಿದೆನೆಂದು ಗಾಯಕನು ಆಣೆಯಿಟ್ಟು ಹೇಳುತ್ತಾನೆ. ಮುದ್ರಿಕೆಗಳನ್ನು ಹೋಲಿಸಿದರೆ ಸಾಲುಗಳು ಬೇರೆಬೇರೆ. ಗಾಯಕನು ಸುಳ್ಳು ಹೇಳುತ್ತಿಲ್ಲವೆಂಬುದೇ ಲಾರ್ಡನ ತೀರ್ಮಾನದ ಸಾರ. ಬರೆಹವನ್ನರಿಯದವನಿಗೆ ಅಕ್ಷರಶಃ ಎಂಬ ಕಲ್ಪನೆಯೇ ನಮ್ಮದಕ್ಕಿಂತ ಬೇರೆ. ಇತ್ತ ದಕ್ಷಿಣ ಭಾರತದಲ್ಲಿ, ಅದೇ ದಶಕದಲ್ಲಿ ನೀಲಗಿರಿಯಲ್ಲಿಯೂ ಕೊಡಗಿನಲ್ಲಿಯೂ ಕ್ಷೇತ್ರಕಾರ್ಯ ನಡೆಸಿದ ದ್ರಾವಿಡ ಭಾಷಾವಿದ್ವಾಂಸ ಎಮೆನೊ ಅವರು, ತೋಡರು ಗೊತ್ತಾದ ಪದಪುಂಜಗಳ ಜೋಡಿಗಳಿಂದ ಆಯಾ ಸಂದರ್ಭಕ್ಕೆ ಹಾಡು ಕಟ್ಟುವುದನ್ನು 1958ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಬಾಲ್ಕನ್ನಿನವರೆಗೆ ಹೋಗದೆಯೇ ನಮ್ಮವರು ಇದನ್ನು ಕಂಡುಕೊಳ್ಳಬಹುದಾಗಿತ್ತು. ಆದರೆ ಪಕ್ಕದ ಬೆಟ್ಟದ ವಿಷಯವನ್ನು ಸಮುದ್ರದಾಚೆಯಿಂದ ತಿಳಿಯುವುದು ನಮಗೆ ರೂಢಿಯಾಗಿಬಿಟ್ಟಿದೆ.

ಇದನ್ನು ಓದಿದ ಮೇಲೆ ಹಿರಿಯ ಹಾಡುಗಾರರೊಬ್ಬರಲ್ಲಿಗೆ ಹೋಗಿ, ಒಂದು ಹಾಡನ್ನು ಹೇಳಿಸಿ ಧ್ವನಿಮುದ್ರಿಸಿಕೊಂಡೆವು. ಹತ್ತು ದಿನಗಳ ತರುವಾಯ ಅದನ್ನೇ ಮತ್ತೊಮ್ಮೆ ಹೇಳಬೇಕೆಂದು ಕೇಳಿದೆವು. ಎರಡನೆಯ ಸಲ ಹಾಡು ಮೊದಲಿನದಕ್ಕಿಂತ ಕಿರಿದಾಯಿತು; ಮಧ್ಯದ ಭಾಗವೊಂದು ಮುಂದಕ್ಕೆ ಹೋಯಿತು; ನಮ್ಮ ಎರಡನೆಯ ಭೇಟಿಯೂ ಅದರಲ್ಲಿ ಸೇರಿಕೊಂಡಿತು. ಎರಡೂ ಒಂದೇ ಹಾಡೇನೆಂದು ಕೇಳಲು, “ಅದೇ ಅಲ್ವಾ ಮೇಷ್ಟ್ರೇ, ಬೇರೆ ಯಾವುದು?” ಎಂದರು. ನಮ್ಮ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲವೆಂದು ಆಗ ಭಾವಿಸಿದ್ದೆವು. ಅವರ ಉತ್ತರ ನಮಗೆ ಅರ್ಥವಾಗಿರಲಿಲ್ಲ.

ಇನ್ನು ‘ಪಟ್ಟೋಲೆ ಪಳಮೆ’ಯ ವಿಷಯ. ಪೊಲೀಸು ಇಲಾಖೆಯ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು (1875-1931) ಬಾಯಿಂದ ಬಾಯಿಗೆ ಬಂದ ಹಾಡುಗಳನ್ನೂ ಗಾದೆಗಳನ್ನೂ ಕಟ್ಟುಕಟ್ಟಳೆಗಳನ್ನೂ ಸಂಗ್ರಹಿಸಿ, ಕೊಡವ ಭಾಷೆಯಲ್ಲಿ ಕನ್ನಡ ಲಿಪಿಯಿಂದ 1924ರಲ್ಲಿ ಇದನ್ನು ಪ್ರಕಟಿಸಿದರು. ಗ್ರಂಥದ ಬಹುಭಾಗ ಹಾಡುಗಳೇ. 2003ರಲ್ಲಿ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಅವರು ಇದರ ಇಂಗ್ಲಿಷ್ ಅನುವಾದವನ್ನು ಹೊರತಂದರು. ಈ ಒಂದು ಪುಸ್ತಕವಿಲ್ಲದಿದ್ದರೆ ಕೊಡಗಿನ ಹಾಡುಗಳ ವಿಷಯದಲ್ಲಿ ನೂರು ವರ್ಷಗಳ ಹಿಂದಿನ ಸಾಕ್ಷ್ಯವೆಂದು ತೋರಿಸಲು ನಮ್ಮಲ್ಲಿ ಎಷ್ಟು ಉಳಿಯುತ್ತಿತ್ತೆಂಬುದನ್ನು ನೆನೆದರೆ, ಚಿಣ್ಣಪ್ಪನವರ ಋಣ ತೀರುವಂಥದಲ್ಲವೆಂದು ತಿಳಿಯುತ್ತದೆ. ಆದುದರಿಂದ ಮುಂದಿನ ಮಾತನ್ನು ಅವರ ಕೃತಿಯ ಮೇಲಿನ ಆಕ್ಷೇಪಣೆಯೆಂದು ವಾಚಕರು ಭಾವಿಸಬಾರದು. ಆಕ್ಷೇಪಣೆ ಇರುವುದು ನಾವು ಅದನ್ನು ಓದುವ ಕ್ರಮದ ಮೇಲೆ. ಅಚ್ಚಾದ ಹಾಡು ಒಮ್ಮೆ ಯಾರೋ ಹಾಡಿದುದರ ದಾಖಲೆ. ಹಸ್ತಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ನಿರ್ಣಯಿಸುವ ವಿಧಾನವನ್ನು ನಮ್ಮ ವಿಶ್ವವಿದ್ಯಾನಿಲಯಗಳು ಪಂಪ ರನ್ನರ ಕಾವ್ಯಗಳಲ್ಲಿ ಬಹಳ ಯಶಸ್ವಿಯಾಗಿ ಬಳಸಿವೆ. ಅಲ್ಲಿ ಮೂಲವೊಂದಿತ್ತು, ಕವಿ ಬರೆದದ್ದು ಒಂದೇ. ಇಲ್ಲಿ ಹಾಡಿದ ಪ್ರತಿಯೊಂದು ಸಲವೂ ಮೂಲ. ಎರಡು ಪಾಠಗಳಲ್ಲಿ ಭೇದ ಕಂಡರೆ ಒಂದು ಭ್ರಷ್ಟವೆಂದು ನಿರ್ಣಯಿಸಲು ಕಾರಣವೇ ಇಲ್ಲ. ಭೇದವಿಲ್ಲದಿದ್ದರೆ ಮಾತ್ರ ಅನುಮಾನ ಪಡಬೇಕು, ಯಾರೋ ಪುಸ್ತಕವನ್ನು ನೋಡಿದ್ದಾರೆಂದು.

ದಾಖಲೆಯು ಕಲೆಯ ಯಾವ ಭಾಗವನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ತುಳುನಾಡಿನ ಮತ್ತು ಕಾಸರಗೋಡಿನ ತಾಳಮದ್ದಲೆ ಇನ್ನೊಂದು ನಿದರ್ಶನ. ಅಲ್ಲಿ ಭಾಗವತರು ಹಾಡುವ ಪದ್ಯಗಳು ಪ್ರಸಂಗದ ಪುಸ್ತಕದಲ್ಲಿರುತ್ತವೆ. ವೇಷವಿಲ್ಲದೆ ಕುಳಿತ ಅರ್ಥಧಾರಿ ಆಡುವ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ಅರ್ಥವನ್ನು ಕೇಳಲು ಜನ ರಾತ್ರಿಯಿಡೀ ಕುಳಿತದ್ದು ಪದ್ಯಕ್ಕಾಗಿ ಅಲ್ಲ, ಎದುರಾಳಿಯ ವಾದಕ್ಕೆ ಆ ಗಳಿಗೆಯಲ್ಲಿ ಅವರೇನು ಉತ್ತರ ಕೊಡುತ್ತಾರೆಂಬ ಕುತೂಹಲದಿಂದ. ಪ್ರಸಂಗದ ಪುಸ್ತಕವೊಂದನ್ನೇ ಆಧಾರವಾಗಿಟ್ಟುಕೊಂಡು ತಾಳಮದ್ದಲೆಯ ಚರಿತ್ರೆಯನ್ನು ಬರೆಯಹೊರಟವನ ಕೈಗೆ ಅದರ ಮುಖ್ಯಾಂಶವೇ ಸಿಕ್ಕುವುದಿಲ್ಲ. ಆದರೆ ಅಲ್ಲಿ ಕೊರತೆ ಕಣ್ಣಿಗೆ ಕಾಣುತ್ತದೆ. ಮಾತು ಪುಸ್ತಕದಲ್ಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಬಾಳೋಪಾಟಿನಲ್ಲಿ ಪುಸ್ತಕ ಪೂರ್ಣವಾಗಿರುವಂತೆ ಕಾಣುತ್ತದೆ, ಆದ್ದರಿಂದಲೇ ಮೋಸ ಹೋಗುತ್ತೇವೆ.

ಧ್ವನಿಮುದ್ರಣವು ಈ ತೊಡಕನ್ನು ಬಿಡಿಸಲಿಲ್ಲ, ಬೇರೊಂದು ರೀತಿಯಲ್ಲಿ ಬಿಗಿಗೊಳಿಸಿತು. ಮೂರು ನಾಲ್ಕು ನಿಮಿಷದ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ವಿಸ್ತಾರವಾದ ಆಲಾಪನೆಗೆ ಎಡೆ ಇರಲಿಲ್ಲ. ಇಂದು ಎಲ್ಲರ ಕಿಸೆಯಲ್ಲಿರುವ ದೂರವಾಣಿಯಲ್ಲಿ ಎಡೆ ಬೇಕಾದಷ್ಟಿದೆ. ಹಾಗಿದ್ದರೂ ಹಿರಿಯರ ಹಾಡನ್ನು ಅದರಲ್ಲಿ ತುಂಬಿಕೊಂಡ ಹುಡುಗನು ಉಸಿರು ಎಳೆದ ಜಾಗವನ್ನೂ ಬಿಡದೆ ಅದನ್ನೇ ಒಪ್ಪಿಸುತ್ತಾನೆ. ಹಿಂದೆ ಶಿಷ್ಯನು ನೂರು ಮನೆಗಳಲ್ಲಿ ನೂರು ಬಗೆಯಾಗಿ ಕೇಳುತ್ತಿದ್ದುದರಿಂದ ಬದಲಾಗುವುದು ಯಾವುದು, ಬದಲಾಗದಿರುವುದು ಯಾವುದು ಎಂಬ ವಿವೇಕ ತಾನಾಗಿ ಬರುತ್ತಿತ್ತು. ಒಂದೇ ಮುದ್ರಿಕೆಯನ್ನು ನೂರು ಸಲ ಕೇಳಿದರೆ ಅದು ಬರಲಾರದು. ನಮ್ಮ ವಿಭಾಗಗಳು ಹಾಡುಗಳನ್ನು ಸಂಗ್ರಹಿಸುವಾಗ ಒಬ್ಬ ಗಾಯಕನಿಂದ ಒಂದು ಹಾಡನ್ನು ಒಂದೇ ಸಲ ಪಡೆದು ತೃಪ್ತಿಪಡುವುದನ್ನು ಇನ್ನಾದರೂ ಬಿಡಬೇಕು. ಅದೇ ಹಾಡನ್ನು ಅವನಿಂದ ಬೇರೆಬೇರೆ ಮನೆಗಳಲ್ಲಿ, ಬೇರೆಬೇರೆ ಜನರ ಮುಂದೆ ಮೂರು ನಾಲ್ಕು ಸಲ ಪಡೆಯಬೇಕು. ಯಾರ ಮನೆ, ಯಾರು ಕೇಳುತ್ತಿದ್ದರು, ಯಾವ ಸಂದರ್ಭ ಎಂಬುದನ್ನು ಹಾಡಿನಷ್ಟೇ ಎಚ್ಚರದಿಂದ ಗುರುತಿಸಿಕೊಳ್ಳಬೇಕು. ಇದರಿಂದ ಕೆಲಸ ನಾಲ್ಮಡಿಯಾಗುತ್ತದೆಂಬುದನ್ನೂ ವಿದ್ಯಾರ್ಥಿಗಳು ಗೊಣಗುತ್ತಾರೆಂಬುದನ್ನೂ ಅನುಭವದಿಂದ ಬಲ್ಲೆವು.

ಮರುವರ್ಷ ಅದೇ ಕಾಲೇಜಿನವರು ಮತ್ತೆ ನಮ್ಮನ್ನು ಕರೆದಾಗ ಒಂದು ಷರತ್ತನ್ನು ಮುಂದಿಟ್ಟೆವು. ತಾವು ಸಿದ್ಧಪಡಿಸಿಕೊಂಡು ಬಂದ ಹಾಡು ಮುಗಿದ ಮೇಲೆ, ಪ್ರತಿಯೊಂದು ತಂಡವೂ ತಾವು ನಿಂತಿರುವ ಆ ಸಭಾಭವನವನ್ನೇ ಮನೆಯೆಂದು ಭಾವಿಸಿ ಅದರ ಮೇಲೆ ಸ್ವಲ್ಪ ಹೊತ್ತು ಹಾಡಬೇಕು. ಮೂರು ತಂಡಗಳು ಒಲ್ಲೆವೆಂದವು. ಹಿಂದಿನ ವರ್ಷ ನಾವು ಅಂಕ ಕಳೆದಿದ್ದ ತಂಡದ ಇಬ್ಬರು, ಹೊಸಬರಿಬ್ಬರನ್ನು ಕೂಡಿಸಿಕೊಂಡು ಬಂದಿದ್ದರು, ಅವರು ಒಪ್ಪಿದರು. ಭವನದ ಕಂಬಗಳನ್ನೂ ಬಾಗಿಲುಗಳನ್ನೂ ಹೊಗಳಿ, ಮಳೆಗಾಲದಲ್ಲಿ ಸೋರುವ ಮಾಡಿನ ಬಳಿಗೆ ಬರುತ್ತಲೇ ಮೊದಲ ಜೋಡಿಗೆ ಸಾಲು ಸಿಕ್ಕದೆ ಹೋಯಿತು. ಎರಡನೆಯ ಜೋಡಿಯವರು ಗಾಬರಿಪಡಲಿಲ್ಲ. ತಾವು ಹಾಡಿದ ಸಾಲನ್ನೇ ಇನ್ನೊಮ್ಮೆ ಹಾಡಿದರು, ಆಗಲೂ ಸಿಕ್ಕಲಿಲ್ಲ, ಮೂರನೆಯ ಸಲ ಹಾಡಿದರು. ದುಡಿಯ ನಡೆ ಸ್ವಲ್ಪವೂ ಕದಲಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೇಲಕ್ಕೆ, ನೀರಿನ ಕಲೆಯಿದ್ದ ಹಲಗೆಯ ಕಡೆಗೆ ನೋಡಿದರು. ಮೊದಲ ಜೋಡಿಯ ಹುಡುಗನೊಬ್ಬ ಅವರನ್ನು ನೋಡಿ, ತಾನೂ ಮೇಲಕ್ಕೆ ನೋಡಿ, ಸಾಲನ್ನು ಹಿಡಿದ.